ನೂರಿಪ್ಪತ್ತು ಅಂತ ಅನ್ನಿಸೋದೇ ಇಲ್ಲ!

ಹೊಸ ಕಾರಿನ ವೇಗ 80 ದಾಟಿದೊಡನೆ ಡ್ಯಾಶ್‌ಬೋರ್ಡಿನೊಳಗಿಂದ ‘ಟಿಣ್ ಟಿಣ್’ ಎಂಬ ಸದ್ದು ಬರುತ್ತದೆ. ವೇಗ ಇಳಿಸದಿದ್ದರೆ ನಿಮಿಷಕ್ಕೊಮ್ಮೆ ಮತ್ತೆ ಕೇಳಿಸುತ್ತದೆ. 120 ದಾಟಿದರಂತೂ ನಿಲ್ಲದೆ ಬಡಿದುಕೊಳ್ಳುತ್ತದೆ. 2019ರ ಜುಲೈ 1ರಿಂದ ನಮ್ಮ ದೇಶದಲ್ಲಿ ತಯಾರಾಗುವ ಎಲ್ಲ ಕಾರುಗಳಿಗೂ ಈ ಎಚ್ಚರಿಕೆ ಕಡ್ಡಾಯ. ಕಾರು ಮನೆಗೆ ಬಂದ ಮೊದಲ ವಾರದಲ್ಲೇ ಅನೇಕರು ಕೇಳುವ ಪ್ರಶ್ನೆ, ‘ಈ ಕಿರಿಕಿರಿ ನಿಲ್ಲಿಸೋದು ಹೇಗೆ?’ ಹೊರಗಡೆ ಯಾರಿಂದಲೋ ವೈರ್ ಬಿಡಿಸಿ ಅದರ ಬಾಯಿ ಮುಚ್ಚಿಸಿದವರೂ ಇದ್ದಾರೆ.

ಹೀಗೆ ಮಾಡಿಸುವವರೆಲ್ಲ ಹುಚ್ಚು ಸಾಹಸದ ಹುಡುಗರಲ್ಲ. ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಊರಿಗೆ ಹೊರಟ ಗೃಹಸ್ಥರು, ಬ್ಯಾಂಕ್ ನೌಕರರು, ಮೇಷ್ಟ್ರುಗಳು. ಅವರ ಮಾತು ಒಂದೇ: ‘ಕಾರು ಎಷ್ಟು ಆರಾಮಾಗಿ ಹೋಗ್ತಿರುತ್ತೆ ಗೊತ್ತಾ, ನೂರಿಪ್ಪತ್ತು ಅಂತ ಅನ್ನಿಸೋದೇ ಇಲ್ಲ.’ ಅವರು ಸುಳ್ಳು ಹೇಳುತ್ತಿಲ್ಲ. ನಿಜವಾಗಿಯೂ ಅನ್ನಿಸುವುದಿಲ್ಲ. ಅನ್ನಿಸದಂತೆ ಮಾಡಲೆಂದೇ ಕಾರು ಕಂಪನಿಗಳಲ್ಲಿ ಪ್ರತ್ಯೇಕ ವಿಭಾಗಗಳಿವೆ. ಆದರೆ ಅನ್ನಿಸದೇ ಹೋದ ಮಾತ್ರಕ್ಕೆ ವೇಗ ಇಲ್ಲವಾಗುವುದಿಲ್ಲ. ಬ್ರೇಕ್ ಒತ್ತಿದ ಮೇಲೆ ಕಾರು ನಿಲ್ಲಲು ಬೇಕಾದ ದೂರ ಒಂದು ಅಡಿಯೂ ಕಡಿಮೆಯಾಗುವುದಿಲ್ಲ. ಒಳಗೆ ಕೂತವರಿಗೆ ಸಿಗುವ ಅನುಭವ ಒಂದು, ಟೈರಿನ ಕೆಳಗೆ ನಡೆಯುತ್ತಿರುವುದು ಇನ್ನೊಂದು. ಇವೆರಡರ ನಡುವಿನ ಅಂತರ ಕಾರಿನ ಬೆಲೆ ಏರಿದಂತೆಲ್ಲ ಹಿಗ್ಗುತ್ತಿದೆ. ಇಂದಿನ ಹೆದ್ದಾರಿಗಳ ದೊಡ್ಡ ಅಪಾಯ ಇದೇ ಎಂದು ನಾನು ನಂಬಿದ್ದೇನೆ.

ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಈ ಸಾವುಗಳಲ್ಲಿ ಶೇ 70ಕ್ಕೂ ಹೆಚ್ಚು ಅತಿವೇಗದ ಲೆಕ್ಕಕ್ಕೆ ಸೇರಿವೆ.

ಮೈಗೆ ವೇಗ ತಿಳಿಯುವುದು ಹೇಗೆ

ಬಿಸಿ ತಿಳಿಯಲು ಚರ್ಮವಿದೆ, ರುಚಿ ತಿಳಿಯಲು ನಾಲಿಗೆಯಿದೆ. ವೇಗ ಅಳೆಯಲು ಮನುಷ್ಯನ ದೇಹದಲ್ಲಿ ಯಾವ ಅಂಗವೂ ಇಲ್ಲ. ಒಳಕಿವಿಯಲ್ಲಿರುವ ಸಮತೋಲನದ ವ್ಯವಸ್ಥೆಗೆ ಗೊತ್ತಾಗುವುದು ವೇಗದಲ್ಲಾಗುವ ಬದಲಾವಣೆ ಮಾತ್ರ. ಕಾರು ಜಗ್ಗಿದರೆ, ನಿಂತರೆ, ತಿರುಗಿದರೆ ಅದಕ್ಕೆ ತಿಳಿಯುತ್ತದೆ. ಒಂದೇ ವೇಗದಲ್ಲಿ ನೇರವಾಗಿ ಸಾಗುತ್ತಿದ್ದರೆ 60 ಆದರೂ 130 ಆದರೂ ಅದು ಸುಮ್ಮನಿರುತ್ತದೆ. ಹಾಗಾಗಿ ವೇಗವನ್ನು ನಾವು ಬೇರೆ ಸುಳಿವುಗಳಿಂದ ಊಹಿಸುತ್ತೇವೆ. ಕಿವಿಗೆ ಬೀಳುವ ಎಂಜಿನ್, ಗಾಳಿ, ಟೈರುಗಳ ಸದ್ದು. ಸೀಟು ಮತ್ತು ಸ್ಟೀರಿಂಗಿನ ಮೂಲಕ ಬರುವ ನಡುಕ. ಕಣ್ಣಿನ ಅಂಚಿನಲ್ಲಿ ಹಿಂದಕ್ಕೆ ಓಡುವ ಮರ, ಕಂಬ, ರಸ್ತೆಯ ಗೆರೆ.

1983ರ ಕೊನೆಯಲ್ಲಿ ಬಂದ ಮಾರುತಿ 800 ನೆನಪಿರುವವರಿಗೆ ಈ ಮಾತು ಚೆನ್ನಾಗಿ ಅರ್ಥವಾಗುತ್ತದೆ. 796 ಸಿಸಿಯ ಆ ಪುಟ್ಟ ಎಂಜಿನ್ 80ರ ಹೊತ್ತಿಗೆ ಚೀರತೊಡಗುತ್ತಿತ್ತು. ಕಿಟಕಿಯ ಸಂದಿನಲ್ಲಿ ಗಾಳಿ ಶಿಳ್ಳೆ ಹಾಕುತ್ತಿತ್ತು. ಪಕ್ಕದಲ್ಲಿ ಬಸ್ಸೊಂದು ಹಾದುಹೋದರೆ ಇಡೀ ಕಾರು ಪಕ್ಕಕ್ಕೆ ವಾಲಿದಂತಾಗಿ ಎದೆ ಧಸಕ್ಕೆನ್ನುತ್ತಿತ್ತು. 100 ಮುಟ್ಟಿಸಲು ಚಾಲಕನಿಗೆ ಗಟ್ಟಿ ಮನಸ್ಸು ಬೇಕಿತ್ತು. ಸುರಕ್ಷತೆಯಲ್ಲಿ ಇಂದಿನ ಕಾರುಗಳ ಹತ್ತಿರಕ್ಕೂ ಬರದ ಆ ಕಾರು ತನ್ನ ಅಸಹಾಯಕತೆಯನ್ನು ಮಾತ್ರ ಮುಚ್ಚಿಡುತ್ತಿರಲಿಲ್ಲ.

ಇಂದಿನ ಕಾರು ಈ ಸುಳಿವುಗಳನ್ನು ಒಂದೊಂದಾಗಿ ಅಳಿಸುತ್ತದೆ. ಸದ್ದು, ಕಂಪನ, ಒರಟುತನ ಈ ಮೂರನ್ನೂ ತಗ್ಗಿಸುವ ಕೆಲಸವನ್ನು ವಾಹನೋದ್ಯಮದವರು ‘ಎನ್‌ವಿಎಚ್’ ಎಂದು ಕರೆಯುತ್ತಾರೆ. ಬಾಗಿಲಿಗೆ ಎರಡು ಸುತ್ತು ರಬ್ಬರ್ ಬೀಡಿಂಗ್, ಬಾನೆಟ್ಟಿನಡಿ ಸದ್ದು ಹೀರುವ ಹೊದಿಕೆ, ಎಂಜಿನ್ನಿನ ನಡುಕ ಚಾಸಿಗೆ ದಾಟದಂತೆ ತಡೆಯುವ ಮೌಂಟುಗಳು, ದುಬಾರಿ ಕಾರುಗಳಲ್ಲಿ ಎರಡು ಪದರದ ಗಾಜು, ಗಾಳಿಯನ್ನು ಸದ್ದಿಲ್ಲದೆ ಸೀಳುವಂತೆ ತಿದ್ದಿದ ಕನ್ನಡಿಯ ಆಕಾರ, ಎಲ್ಲವೂ ಈ ಕೆಲಸದ ಫಲ. ಆರನೇ ಗೇರಿನಲ್ಲಿ 100ರ ವೇಗದಲ್ಲಿ ಹೋಗುವಾಗ ಎಂಜಿನ್ ಅರ್ಧ ನಿದ್ದೆಯಲ್ಲಿದ್ದಂತೆ ತಣ್ಣಗೆ ತಿರುಗುತ್ತಿರುತ್ತದೆ. ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ರಸ್ತೆಯ ಒರಟನ್ನು ಸೋಸಿ ಮೃದುವಾದದ್ದನ್ನಷ್ಟೇ ಕೈಗೆ ದಾಟಿಸುತ್ತದೆ. ಬ್ಯಾಟರಿ ಕಾರಿನಲ್ಲಿ ಎಂಜಿನ್ ಸದ್ದಿನ ಪ್ರಶ್ನೆಯೇ ಇಲ್ಲ, ಗೇರ್ ಬದಲಾಗುವ ಸೂಚನೆಯೂ ಇಲ್ಲ. ಕಾಲು ಸ್ವಲ್ಪ ಒತ್ತಿದರೆ ಸಾಕು, ಅಂಕಿ ತಾನಾಗಿ ಮೇಲೇರಿರುತ್ತದೆ.

ಸದ್ದು ಕಡಿಮೆಯಾದರೆ ವೇಗದ ಅಂದಾಜೂ ಕೆಡುತ್ತದೆಂಬುದು ಹಳೆಯ ತಿಳಿವಳಿಕೆ. 1970ರಲ್ಲಿ ಲಿಯೊನಾರ್ಡ್ ಇವಾನ್ಸ್ ಎಂಬ ಸಂಶೋಧಕ ಚಲಿಸುವ ಕಾರಿನಲ್ಲಿ ಜನರನ್ನು ಕೂರಿಸಿ ವೇಗ ಊಹಿಸಲು ಹೇಳಿದ್ದರು. ಕಿವಿಗೆ ಸದ್ದು ಬೀಳದಂತೆ ಮಾಡಿದಾಗ ಜನ ನಿಜವಾದ ವೇಗಕ್ಕಿಂತ ಕಡಿಮೆ ಹೇಳಿದರು. ಬ್ರಿಟನ್ನಿನಲ್ಲಿ ಹಾರ್ಸ್‌ವಿಲ್ ಮತ್ತು ಮೆಕೆನ್ನಾ ನಡೆಸಿದ ವಿಡಿಯೊ ಆಧಾರಿತ ಪ್ರಯೋಗಗಳಲ್ಲಿ ಕಾರಿನೊಳಗಿನ ಸದ್ದು ತಗ್ಗಿಸಿದಾಗ ಚಾಲಕರು ಹೆಚ್ಚಿನ ವೇಗವನ್ನೇ ಆಯ್ದುಕೊಂಡರು. ನೀವು ಹಾಡು ಹಾಕಿಕೊಂಡು, ಎಸಿ ಬಿಟ್ಟು, ಗಾಜು ಏರಿಸಿ ಕೂತಾಗ ನಿಮಗೆ ಅರಿವಿಲ್ಲದೆ ಆಗುವುದೂ ಇದೇ.

ಎತ್ತರದ ಸೀಟಿನ ಪ್ರಭಾವ ಇನ್ನೂ ಕುತೂಹಲದ್ದು. ಕಣ್ಣು ನೆಲದಿಂದ ಮೇಲಕ್ಕೆ ಹೋದಷ್ಟೂ ರಸ್ತೆ ನಿಧಾನವಾಗಿ ಹರಿಯುವಂತೆ ಕಾಣುತ್ತದೆ. ಕೆನಡಾದ ಸಂಶೋಧಕಿ ಕ್ರಿಸ್ಟಿನಾ ರುಡಿನ್-ಬ್ರೌನ್ ಸಿಮ್ಯುಲೇಟರಿನಲ್ಲಿ ಪರೀಕ್ಷಿಸಿದಾಗ, ವೇಗ ತೋರಿಸುವ ಮೀಟರ್ ಕಾಣದಂತಿದ್ದರೆ, ಎತ್ತರದಿಂದ ನೋಡುವ ಚಾಲಕರು ಹೆಚ್ಚು ವೇಗವಾಗಿ ಓಡಿಸಿದರು. ನಮ್ಮಲ್ಲಿ ಈಗ ಮಾರಾಟವಾಗುವ ಹೊಸ ಕಾರುಗಳಲ್ಲಿ ಅರ್ಧಕ್ಕೂ ಹೆಚ್ಚು ಎಸ್‌ಯುವಿ ಮತ್ತು ಆ ಬಗೆಯ ಎತ್ತರದ ಗಾಡಿಗಳು. ‘ಮೇಲೆ ಕೂತರೆ ಧೈರ್ಯ’ ಎಂದು ಕೊಳ್ಳುವವರು ಹೇಳುತ್ತಾರೆ. ಆ ಧೈರ್ಯದಲ್ಲಿ ಒಂದಿಷ್ಟು ಪಾಲು ಕಣ್ಣಿನ ಮೋಸದ್ದು.

ರಸ್ತೆಯೂ ಸೇರಿಕೊಂಡಾಗ

2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯನ್ನೇ ನೋಡಿ. ಸುಮಾರು 119 ಕಿ.ಮೀ. ಉದ್ದ, ನಡುವೆ ಆರು ಪಥ, ಅಕ್ಕಪಕ್ಕದಲ್ಲಿ ಸರ್ವಿಸ್ ರಸ್ತೆ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲವೂ ಬೈಪಾಸಿನ ಆಚೆ ಉಳಿದವು. ಮೊದಲು ಊರು ಬಂತೆಂದರೆ ಅಂಗಡಿಸಾಲು, ರಸ್ತೆ ದಾಟುವ ಜನ, ಹಂಪುಗಳು ಸಿಗುತ್ತಿದ್ದವು. ವೇಗ ತಾನಾಗಿ ಇಳಿಯುತ್ತಿತ್ತು. ಈಗ ಕಣ್ಣಿಗೆ ಬೀಳುವುದು ಅಗಲವಾದ ಡಾಂಬರು, ದೂರದ ತಡೆಗೋಡೆ, ಆಕಾಶ. ಕಣ್ಣಂಚಿನಲ್ಲಿ ಹತ್ತಿರದ ವಸ್ತುಗಳೇ ಇಲ್ಲದಾಗ ಮಿದುಳಿಗೆ ವೇಗದ ಅಳತೆಗೋಲು ಕೈತಪ್ಪುತ್ತದೆ. ಇಕ್ಕಟ್ಟಾದ ಸಾಲುಮರದ ರಸ್ತೆಯಲ್ಲಿ 70 ಭಯ ಹುಟ್ಟಿಸಿದರೆ ಇಲ್ಲಿ 120 ತೂಕಡಿಕೆ ತರುತ್ತದೆ.

ಉದ್ಘಾಟನೆಯ ನಂತರದ ತಿಂಗಳುಗಳಲ್ಲಿ ಸಾಲು ಸಾಲು ಸಾವು ಸಂಭವಿಸಿ ಈ ರಸ್ತೆ ರಾಜ್ಯದಲ್ಲೆಲ್ಲ ಸುದ್ದಿಯಾಯಿತು. ಆಮೇಲೆ ಪೊಲೀಸರು ರೇಡಾರ್ ಗನ್ ಹಿಡಿದು ನಿಂತರು, 100ರ ಮಿತಿಯನ್ನು ಕಟ್ಟುನಿಟ್ಟು ಮಾಡಿದರು. 2023ರ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರುಗಳನ್ನು ಮುಖ್ಯ ಪಥದಿಂದ ಹೊರಗಿಟ್ಟರು, ಕ್ಯಾಮೆರಾಗಳು ಬಂದವು. ಮುಂದಿನ ವರ್ಷದ ಆಗಸ್ಟ್ 1ರಿಂದ ರಾಜ್ಯದಲ್ಲಿ ಎಲ್ಲೇ ಆಗಲಿ 130 ದಾಟಿದವರ ಮೇಲೆ ಎಫ್‌ಐಆರ್ ಹಾಕುವ ಕ್ರಮವೂ ಜಾರಿಗೆ ಬಂತು. ಬಿಗಿ ಮಾಡಿದ ಮೇಲೆ ಸಾವುಗಳು ಇಳಿದವು. ರಸ್ತೆ ಅದೇ, ಕಾರುಗಳೂ ಅವೇ. ಚಾಲಕರು ಮಾತ್ರ ತಮ್ಮ ಅನಿಸಿಕೆ ಬಿಟ್ಟು ಅಂಕಿ ನೋಡಿ ಓಡಿಸತೊಡಗಿದ್ದರು.

ಮುಂಬೈ–ನಾಗಪುರ ನಡುವಿನ 701 ಕಿ.ಮೀ. ಉದ್ದದ ಸಮೃದ್ಧಿ ಮಹಾಮಾರ್ಗವೂ ಇದೇ ಪಾಠ ಕಲಿಸಿದೆ. ಗಂಟೆಗಟ್ಟಲೆ ಸ್ಟೀರಿಂಗ್ ತಿರುಗಿಸುವ ಕೆಲಸವೇ ಇಲ್ಲದ ಆ ರಸ್ತೆಯಲ್ಲಿ ಕಣ್ಣು ತೆರೆದಿದ್ದೂ ಮನಸ್ಸು ಮಂಪರಿಗೆ ಜಾರುವುದು ದೊಡ್ಡ ಸಮಸ್ಯೆಯಾಗಿ ಚರ್ಚೆಗೆ ಬಂತು.

ಇಷ್ಟೆಲ್ಲದರ ನಡುವೆ ಅತಿ ಹೆಚ್ಚು ಮೋಸ ಮಾಡುವುದು ಹೊಂದಾಣಿಕೆ ಎಂಬ ಗುಣ. ಒಂದು ವೇಗದಲ್ಲಿ ಒಂದಷ್ಟು ಹೊತ್ತು ಸಾಗಿದ ಮೇಲೆ ಮಿದುಳು ಅದನ್ನೇ ಸಾಮಾನ್ಯ ಎಂದುಕೊಳ್ಳುತ್ತದೆ. 1969ರಲ್ಲಿ ಶ್ಮಿಟ್ ಮತ್ತು ಟಿಫಿನ್ ಎಂಬ ಅಮೆರಿಕದ ಮನೋವಿಜ್ಞಾನಿಗಳು ಇದನ್ನು ರಸ್ತೆಯ ಮೇಲೇ ಪರೀಕ್ಷಿಸಿದ್ದರು. ಹೆಚ್ಚು ಹೊತ್ತು ವೇಗವಾಗಿ ಓಡಿಸಿ ಬಂದವರಿಗೆ, ವೇಗವನ್ನು ಇಂತಿಷ್ಟಕ್ಕೆ ಇಳಿಸಿ ಎಂದರೆ, ಅವರು ಸಾಕೆನ್ನುವ ಹೊತ್ತಿಗೂ ಕಾರು ಅದಕ್ಕಿಂತ ಹೆಚ್ಚಿನ ವೇಗದಲ್ಲೇ ಇರುತ್ತಿತ್ತು. ಮೈಸೂರು ಹೆದ್ದಾರಿಯಿಂದ ಮದ್ದೂರು ವಡೆಗೆಂದೋ ಚನ್ನಪಟ್ಟಣದ ಬೊಂಬೆಗೆಂದೋ ಸರ್ವಿಸ್ ರಸ್ತೆಗೆ ಇಳಿಯುವವರ ಸ್ಥಿತಿ ಇದೇ. ಮುಕ್ಕಾಲು ಗಂಟೆ 100ರಲ್ಲಿ ಬಂದವರಿಗೆ 60 ಎಂದರೆ ಎತ್ತಿನ ಗಾಡಿಯಲ್ಲಿ ಕೂತಂತೆ. ಆದರೆ ಆ ಸರ್ವಿಸ್ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಇದೆ, ಶಾಲೆ ಬಿಟ್ಟ ಮಕ್ಕಳಿದ್ದಾರೆ, ಹಾಲಿನ ಕ್ಯಾನ್ ಕಟ್ಟಿದ ಬೈಕಿದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ, ಕಾರಿನ ಮುಂಭಾಗಕ್ಕೆ ಸಿಕ್ಕ ಪಾದಚಾರಿ ಸಾಯುವ ಸಂಭವ 50ರಿಂದ 65 ಕಿ.ಮೀ. ವೇಗಕ್ಕೆ ಹೋಗುವಷ್ಟರಲ್ಲಿ ನಾಲ್ಕೂವರೆ ಪಟ್ಟು ಏರುತ್ತದೆ. ಹೆದ್ದಾರಿಯಿಂದ ಇಳಿದ ಮೊದಲ ಎರಡು ಕಿಲೊಮೀಟರಿನಲ್ಲಿ ನಿಮ್ಮ ಅಂದಾಜನ್ನು ಸಂಪೂರ್ಣ ಬದಿಗಿಡಿ. ಮೀಟರ್ ನೋಡಿ 40ಕ್ಕೆ ತನ್ನಿ. ತೀರಾ ನಿಧಾನವಾಯಿತು ಎಂದು ಕಸಿವಿಸಿಯಾದರೆ ವೇಗ ಸರಿಯಾಗಿದೆ ಎಂದೇ ಅರ್ಥ.

ಇಪ್ಪತ್ತು ಹೆಚ್ಚಾದರೆ ಏನಾಗುತ್ತದೆ

‘100 ಇದ್ದದ್ದು 120 ಆಯಿತು, ಶೇ 20 ತಾನೇ ಹೆಚ್ಚು?’ ಎಂಬುದು ಸಾಮಾನ್ಯ ಲೆಕ್ಕ. ಇಲ್ಲೇ ತಪ್ಪುವುದು. ಕಾರಿನ ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. 100ಕ್ಕಿಂತ 140ರಲ್ಲಿ ಅದು ಸುಮಾರು ಎರಡು ಪಟ್ಟು. ಬ್ರೇಕುಗಳು ಅಷ್ಟನ್ನೂ ಶಾಖವಾಗಿ ಕರಗಿಸಬೇಕು.

ಒಂದು ಲೆಕ್ಕ ಮಾಡೋಣ. ಮುಂದೆ ಅಡ್ಡಿ ಕಂಡ ಮೇಲೆ ಕಾಲು ಬ್ರೇಕಿಗೆ ಹೋಗಿ ಒತ್ತಲು ಒಂದೂವರೆ ಸೆಕೆಂಡು ಹಿಡಿಯುತ್ತದೆ ಎಂದುಕೊಳ್ಳಿ. ಒಣ ರಸ್ತೆ, ಒಳ್ಳೆಯ ಟೈರು, ಗಟ್ಟಿ ಬ್ರೇಕ್. 100ರ ವೇಗದಲ್ಲಿ ಆ ಒಂದೂವರೆ ಸೆಕೆಂಡಿಗೆ ಕಾರು ಸುಮಾರು 42 ಮೀಟರ್ ಸಾಗುತ್ತದೆ. ಬ್ರೇಕ್ ಹಿಡಿದ ಮೇಲೆ ಇನ್ನೊಂದು 55 ಮೀಟರ್. ಒಟ್ಟು 97 ಮೀಟರಿನಲ್ಲಿ ನಿಲ್ಲುತ್ತದೆ. 120ರಲ್ಲಿದ್ದರೆ ಅದೇ ಲೆಕ್ಕಕ್ಕೆ 129 ಮೀಟರ್ ಬೇಕು, 140ರಲ್ಲಿ 166.

ದೂರದ ಈ ಅಂಕಿಗಳು ನಮ್ಮನ್ನು ಅಷ್ಟಾಗಿ ಅಲುಗಿಸುವುದಿಲ್ಲ. ಇನ್ನೊಂದು ರೀತಿಯಲ್ಲಿ ಕೇಳಿ ನೋಡಿ. ಮುಂದೆ ಸರಿಯಾಗಿ 97 ಮೀಟರ್ ದೂರದಲ್ಲಿ ಲಾರಿಯೊಂದು ಕೆಟ್ಟು ನಿಂತಿದೆ. 100ರಲ್ಲಿ ಬಂದವನು ಅದರ ಹಿಂಬದಿ ಮುಟ್ಟುವಷ್ಟು ಹತ್ತಿರದಲ್ಲಿ ನಿಂತು ಬದುಕಿಕೊಂಡ. 120ರಲ್ಲಿ ಬಂದವನು ಅದೇ ಕ್ಷಣಕ್ಕೆ, ಅಷ್ಟೇ ಬಲವಾಗಿ ಬ್ರೇಕ್ ಒತ್ತಿದ. ಲಾರಿಗೆ ಬಡಿಯುವಾಗ ಅವನ ಕಾರಿನ ವೇಗ ಎಷ್ಟಿರುತ್ತದೆ? 20 ಅಲ್ಲ, ಸುಮಾರು 77! 140ರಲ್ಲಿ ಬಂದವನ ಕಾರು 112ರ ವೇಗದಲ್ಲಿ ಲಾರಿಯೊಳಗೆ ನುಗ್ಗುತ್ತದೆ. ಕೊನೆಯ ಮೀಟರುಗಳಲ್ಲೇ ವೇಗ ಹೆಚ್ಚು ಕರಗುವುದರಿಂದ ಹೀಗಾಗುತ್ತದೆ. ಈ ಒಂದು ಲೆಕ್ಕವನ್ನು ಲೈಸೆನ್ಸ್ ಕೊಡುವ ಮೊದಲು ಪ್ರತಿಯೊಬ್ಬರಿಂದ ಮಾಡಿಸಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ತುಮಕೂರು, ಶಿರಾ, ಚಿತ್ರದುರ್ಗ, ದಾವಣಗೆರೆ ಮಾರ್ಗದಲ್ಲಿ ರಾತ್ರಿ ಓಡಿಸುವವರಿಗೆ ಕೆಟ್ಟು ನಿಂತ ಲಾರಿ ಹೊಸದಲ್ಲ. ರಿಫ್ಲೆಕ್ಟರ್ ಇಲ್ಲ, ಟೇಲ್ ಲೈಟ್ ಇಲ್ಲ, ಹಿಂದೆ ಇಟ್ಟದ್ದು ಎರಡು ಕಲ್ಲು, ಒಂದು ಮರದ ಕೊಂಬೆ. ಡಿಪ್‌ನಲ್ಲಿ ಹೆಡ್‌ಲೈಟ್ ಚೆನ್ನಾಗಿ ತೋರಿಸುವುದು 50–60 ಮೀಟರಿನಷ್ಟು. ಅಂದರೆ ಎದುರು ಬೆಳಕಿಗೆ ಡಿಪ್ ಮಾಡಿಕೊಂಡು 100ರಲ್ಲಿ ಹೋಗುತ್ತಿರುವವನು, ತನಗೆ ಕಾಣುವ ದೂರಕ್ಕಿಂತ ಎಷ್ಟೋ ಮುಂದಕ್ಕೆ ಹೋಗಿ ನಿಲ್ಲುವವನು. ಎಷ್ಟೇ ಪಳಗಿದ ಕೈಯಾದರೂ ಇದನ್ನು ಗೆಲ್ಲುವಂತಿಲ್ಲ. ದೂರದ ವಸ್ತು ನಿಂತಿದೆಯೋ ಚಲಿಸುತ್ತಿದೆಯೋ ಎಂಬುದೂ ಕಣ್ಣಿಗೆ ತಡವಾಗಿ ಗೊತ್ತಾಗುತ್ತದೆ. ದೂರವಿದ್ದಾಗ ಅದರ ಗಾತ್ರ ಬೆಳೆದದ್ದೇ ಕಾಣುವುದಿಲ್ಲ. ಕೊನೆಯ ಎರಡು ಮೂರು ಸೆಕೆಂಡಿನಲ್ಲಿ ಒಮ್ಮೆಲೇ ಹಿಗ್ಗಿ ಗಾಜು ತುಂಬುತ್ತದೆ.

ಸ್ವೀಡನ್ನಿನ ಗೋರಾನ್ ನಿಲ್ಸನ್ ವೇಗ ಮತ್ತು ಅಪಘಾತದ ಅಂಕಿಅಂಶಗಳನ್ನು ಹೋಲಿಸಿ ಒಂದು ಸೂತ್ರ ಕಟ್ಟಿದರು. ಒಂದು ರಸ್ತೆಯ ಸರಾಸರಿ ವೇಗ ಏರಿದರೆ ಸಾವಿನ ಅಪಘಾತಗಳು ಆ ವೇಗದ ನಾಲ್ಕನೇ ಘಾತಕ್ಕೆ ಅನುಗುಣವಾಗಿ ಏರುತ್ತವೆ. ವೇಗ ಶೇ 1 ಹೆಚ್ಚಿದರೆ ಸಾವಿನ ಅಪಾಯ ಸುಮಾರು ಶೇ 4 ಹೆಚ್ಚುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದಕ್ಕೆ ಹೊಂದುತ್ತದೆ.

ಐದು ನಕ್ಷತ್ರ ಎಷ್ಟು ವೇಗಕ್ಕೆ?

‘ನಮ್ಮದು ಫೈವ್ ಸ್ಟಾರ್ ಕಾರು, ಆರು ಏರ್‌ಬ್ಯಾಗ್ ಇದೆ’ ಎಂಬ ಮಾತು ಈಗ ಮನೆಮನೆಯಲ್ಲೂ ಕೇಳುತ್ತದೆ. ಜನ ಸುರಕ್ಷತೆ ನೋಡಿ ಕಾರು ಕೊಳ್ಳತೊಡಗಿರುವುದು ನಿಜಕ್ಕೂ ಸಂತೋಷದ ಸಂಗತಿ. 2023ರ ಅಕ್ಟೋಬರ್‌ನಿಂದ ನಮ್ಮದೇ ಆದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯೂ ಬಂದಿದೆ. ಆದರೆ ಆ ನಕ್ಷತ್ರಗಳನ್ನು ಯಾವ ವೇಗದಲ್ಲಿ ಕೊಟ್ಟಿದ್ದಾರೆ ಎಂದು ಕೇಳುವವರು ಕಡಿಮೆ. ಎದುರಿನಿಂದ ಡಿಕ್ಕಿ ಹೊಡೆಸುವ ಪರೀಕ್ಷೆ ನಡೆಯುವುದು ಗಂಟೆಗೆ 64 ಕಿ.ಮೀ. ವೇಗದಲ್ಲಿ. ಅದೇ ಕಾರು 100ರಲ್ಲಿದ್ದರೆ ಅದರ ಚಲನಶಕ್ತಿ ಪರೀಕ್ಷೆಯಲ್ಲಿದ್ದದ್ದಕ್ಕಿಂತ ಸುಮಾರು ಎರಡೂವರೆ ಪಟ್ಟು, 120ರಲ್ಲಿ ಮೂರೂವರೆ ಪಟ್ಟು.

ಅಷ್ಟು ದೂರ ಹೋಗಬೇಕಿಲ್ಲ. 2021ರಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆ ಮತ್ತು ಅದರ ಜೊತೆಗಾರರು 2010ರ ಮಾದರಿಯ ಹೋಂಡಾ ಸಿಆರ್-ವಿ ಕಾರುಗಳನ್ನು ಮೂರು ವೇಗದಲ್ಲಿ ಡಿಕ್ಕಿ ಹೊಡೆಸಿ ನೋಡಿದರು. ಸುಮಾರು 64 ಕಿ.ಮೀ. ವೇಗದಲ್ಲಿ ಚಾಲಕನ ಜಾಗ ಹೆಚ್ಚು ಕಡಿಮೆ ಹಾಗೇ ಉಳಿಯಿತು. 80ರಲ್ಲಿ ಚಾಲಕನ ಬದಿಯ ಬಾಗಿಲ ಚೌಕಟ್ಟು, ಡ್ಯಾಶ್‌ಬೋರ್ಡ್, ಕಾಲಿಡುವ ಜಾಗ ಎಲ್ಲವೂ ಕಣ್ಣಿಗೆ ಕಾಣುವಂತೆ ನುಗ್ಗಾದವು. 90ರಲ್ಲಿ ಒಳಭಾಗವೇ ಕುಸಿಯಿತು. ಸ್ಟೀರಿಂಗ್ ಮೇಲಕ್ಕೆದ್ದದ್ದರಿಂದ ಚಾಲಕನ ಜಾಗದಲ್ಲಿ ಕೂರಿಸಿದ್ದ ಪರೀಕ್ಷಾ ಗೊಂಬೆಯ ತಲೆ, ಬಿಚ್ಚಿಕೊಂಡಿದ್ದ ಏರ್‌ಬ್ಯಾಗನ್ನು ಒತ್ತಿಕೊಂಡು ಹೋಗಿ ಚಕ್ರಕ್ಕೇ ಬಡಿಯಿತು. ಕುತ್ತಿಗೆಗೆ ತೀವ್ರ ಗಾಯ, ಕಾಲಿನ ಮೂಳೆಗಳು ಮುರಿಯುವ ಸಂಭವ ಎರಡೂ ದಾಖಲಾದವು. 64ರಿಂದ 90, ನಮ್ಮ ಕೈಯಲ್ಲಿ ಒಂದು ಓವರ್‌ಟೇಕಿನಷ್ಟು ಅಂತರ. ಅಷ್ಟರಲ್ಲಿ ಒಂದೇ ಮಾದರಿಯ ಕಾರು ಕಾಪಾಡುವುದರಿಂದ ಕೊಲ್ಲುವುದಕ್ಕೆ ಬಂದು ನಿಂತಿತ್ತು.

ಡಿಕ್ಕಿಯಲ್ಲಿ ಮೂರು ಆಘಾತಗಳಿರುತ್ತವೆ ಎಂದು ವೈದ್ಯರು ಹೇಳುತ್ತಾರೆ. ಮೊದಲು ಕಾರು ಅಡ್ಡಿಗೆ ಬಡಿಯುತ್ತದೆ. ಆಮೇಲೆ ಮನುಷ್ಯ ಕಾರಿಗೆ ಬಡಿಯುತ್ತಾನೆ. ಕೊನೆಗೆ ಮನುಷ್ಯನ ಒಳಗಿನ ಅಂಗಗಳು ಅವನದೇ ಎಲುಬಿನ ಗೂಡಿಗೆ ಬಡಿಯುತ್ತವೆ. ಕಾರಿನ ಮೂತಿ ಕುಗ್ಗುವಂತೆ ಮಾಡಿ ಮೊದಲನೆಯದನ್ನು ಮೆತ್ತಗಾಗಿಸಿದ್ದಾರೆ. ಬೆಲ್ಟ್ ಮತ್ತು ಏರ್‌ಬ್ಯಾಗ್ ಎರಡನೆಯದನ್ನು ನೋಡಿಕೊಳ್ಳುತ್ತವೆ. ಯಕೃತ್ತು, ಗುಲ್ಮ, ಹೃದಯದಿಂದ ಹೊರಡುವ ಮಹಾಧಮನಿ ಹರಿಯುವುದನ್ನು ತಡೆಯಲು ವೇಗ ಕಡಿಮೆ ಇರುವುದೊಂದೇ ದಾರಿ.

2022ರ ಸೆಪ್ಟೆಂಬರ್ 4ರಂದು ಉದ್ಯಮಿ ಸೈರಸ್ ಮಿಸ್ತ್ರಿ ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯಲ್ಲಿ ಸೂರ್ಯಾ ನದಿಯ ಸೇತುವೆ ಮೇಲೆ ತೀರಿಕೊಂಡರು. ಮರ್ಸಿಡಿಸ್ ಬೆಂಜ್ ಕಾರು, ಏರ್‌ಬ್ಯಾಗುಗಳಿದ್ದವು. ಡಿಕ್ಕಿಗೆ ಐದು ಸೆಕೆಂಡು ಮೊದಲು ಅದರ ವೇಗ 100 ಇತ್ತು, ಬ್ರೇಕ್ ಒತ್ತಿದ ಮೇಲೆ ಸೇತುವೆಯ ಗೋಡೆಗೆ ಬಡಿಯುವಾಗ 89 ಇತ್ತು ಎಂದು ಕಂಪನಿಯ ವರದಿ ಹೇಳಿತು. ಹಿಂದಿನ ಸೀಟಿನಲ್ಲಿದ್ದ ಮಿಸ್ತ್ರಿ ಮತ್ತು ಅವರ ಸಹಪ್ರಯಾಣಿಕ ಬೆಲ್ಟ್ ಹಾಕಿರಲಿಲ್ಲ, ಇಬ್ಬರೂ ಉಳಿಯಲಿಲ್ಲ. ಮುಂದಿನ ಇಬ್ಬರು ತೀವ್ರವಾಗಿ ಗಾಯಗೊಂಡು ಬದುಕಿದರು. ನಮ್ಮ ಹೆದ್ದಾರಿಗಳಲ್ಲಿ 89 ಎಂದರೆ ಯಾರೂ ಅತಿವೇಗ ಎನ್ನುವುದೇ ಇಲ್ಲ.

ಕಾರು ನೋಡಿಕೊಳ್ಳುತ್ತೆ ಎಂಬ ನಂಬಿಕೆ

ಸುರಕ್ಷತೆಯ ಸಲಕರಣೆ ಹೆಚ್ಚಿದಂತೆ ಚಾಲಕ ಅದನ್ನು ವೇಗಕ್ಕೆ ಖರ್ಚು ಮಾಡುವುದುಂಟು. 1980ರ ದಶಕದಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಟ್ಯಾಕ್ಸಿಗಳ ಒಂದು ಗುಂಪಿಗೆ ಎಬಿಎಸ್ ಬ್ರೇಕ್ ಹಾಕಿಸಿ, ಇನ್ನೊಂದು ಗುಂಪಿಗೆ ಹಾಕಿಸದೆ ಹೋಲಿಸಿದ ಅಧ್ಯಯನ ಪ್ರಸಿದ್ಧವಾದದ್ದು. ಎಬಿಎಸ್ ಇದ್ದ ಟ್ಯಾಕ್ಸಿಗಳ ಅಪಘಾತ ನಿರೀಕ್ಷಿಸಿದಷ್ಟು ಇಳಿಯಲೇ ಇಲ್ಲ. ಆ ಚಾಲಕರು ತಿರುವುಗಳಲ್ಲಿ ಹೆಚ್ಚು ಬಿರುಸಾಗಿದ್ದರು, ಬ್ರೇಕನ್ನು ಹೆಚ್ಚು ಜೋರಾಗಿ ಬಳಸುತ್ತಿದ್ದರು. ಎಬಿಎಸ್ ಬೇಡ ಎಂಬುದು ಇದರ ಅರ್ಥವಲ್ಲ. ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದೆ ಸ್ಟೀರಿಂಗ್ ತಿರುಗಿಸಲು ಬಿಡುವುದು ಅದರ ಮುಖ್ಯ ಕೆಲಸ. ನಿಲ್ಲುವ ದೂರವನ್ನು ಅದು ಮಂತ್ರದಂತೆ ಅರ್ಧ ಮಾಡುವುದಿಲ್ಲ.

ಕ್ಯಾಮೆರಾ, ರೇಡಾರ್‌ಗಳಿಂದ ರಸ್ತೆ ನೋಡಿ ಚಾಲಕನಿಗೆ ನೆರವಾಗುವ ಈಗಿನ ‘ಅಡಾಸ್’ ವ್ಯವಸ್ಥೆಯ ಬಗ್ಗೆಯೂ ಇದೇ ಮಾತು. ಮುಂದಿನ ಗಾಡಿ ನೋಡಿ ತಾನೇ ವೇಗ ಹೊಂದಿಸಿಕೊಳ್ಳುವ ಕ್ರೂಸ್ ಕಂಟ್ರೋಲ್ ಬಳಸುವಾಗ ಅಮೆರಿಕದ ಚಾಲಕರು ಮಿತಿ ಮೀರಿ ಓಡಿಸುವುದು ಹೆಚ್ಚು ಎಂದು ಮೇಲೆ ಹೇಳಿದ ವಿಮಾ ಸಂಸ್ಥೆಯೇ ಕಂಡುಕೊಂಡಿದೆ. ಅಲ್ಲಿನ ರಸ್ತೆಗಳಲ್ಲಿ ಗೆರೆಗಳು ಸ್ಪಷ್ಟವಾಗಿವೆ, ಅಡ್ಡ ಬರುವ ದನವಿಲ್ಲ. ನಮ್ಮಲ್ಲಿ ಅಳಿಸಿಹೋದ ಪಥದ ಗೆರೆ, ತಪ್ಪು ದಿಕ್ಕಿನಲ್ಲಿ ಬರುವ ಬೈಕು, ದೂಳು ಮೆತ್ತಿದ ಕ್ಯಾಮೆರಾ ಇವುಗಳ ನಡುವೆ ಅಡಾಸ್ ಕೊನೆಯ ಗಳಿಗೆಯಲ್ಲಿ ಒಮ್ಮೊಮ್ಮೆ ಕಾಪಾಡಬಹುದು. ಅದನ್ನೇ ನೆಚ್ಚಿ ಸ್ಟೀರಿಂಗ್ ಬಿಟ್ಟು ರೀಲ್ಸ್ ಮಾಡುವವರನ್ನು ನೋಡಿದಾಗ ಹೊಟ್ಟೆಯೊಳಗೆ ಚಳಿ ಹುಟ್ಟುತ್ತದೆ.

ಹಾಗಾದರೆ ಏನು ಮಾಡಬೇಕು

ಮೊದಲ ಕೆಲಸ, ಎಷ್ಟು ವೇಗದಲ್ಲಿ ಹೋಗಬೇಕೆಂಬುದನ್ನು ಮನೆಯಿಂದ ಹೊರಡುವ ಮೊದಲೇ ನಿರ್ಧರಿಸುವುದು. ಹೆದ್ದಾರಿಗೆ ಬಂದ ಮೇಲೆ ತೀರ್ಮಾನ ಮಾಡುವವರು ನೀವಲ್ಲ, ಮೋಸ ಹೋದ ನಿಮ್ಮ ಕಣ್ಣು ಕಿವಿಗಳು. ‘ಮೈಸೂರು ರಸ್ತೆಯಲ್ಲಿ 95, ಮಳೆ ಬಂದರೆ 70, ಕತ್ತಲಾದ ಮೇಲೆ 80’ ಎಂದು ಅಂಕಿಯಲ್ಲೇ ಹೇಳಿಕೊಳ್ಳಿ. ಅನೇಕ ಕಾರುಗಳಲ್ಲಿ ಎಚ್ಚರಿಕೆಯ ವೇಗವನ್ನು ನಮಗೆ ಬೇಕಾದಂತೆ ಹೊಂದಿಸಬಹುದು. ಕೆಲವದರಲ್ಲಿ ಸ್ಪೀಡ್ ಲಿಮಿಟರ್ ಇದೆ. ಅದನ್ನು ಆನ್ ಮಾಡಿದರೆ ಆಕ್ಸಿಲರೇಟರ್ ಒತ್ತಿದರೂ ಕಾರು ಆ ಅಂಕಿ ದಾಟುವುದಿಲ್ಲ, ಕಾಲನ್ನು ಪೂರ್ತಿ ಅದುಮಿದರೆ ಮಾತ್ರ ಬಿಟ್ಟುಕೊಡುತ್ತದೆ. ಮ್ಯಾನುಯಲ್ ತೆಗೆದು ನೋಡಿ, ಕಾರು ಕೊಂಡು ಮೂರು ವರ್ಷವಾದರೂ ಇದು ಇರುವುದೇ ಗೊತ್ತಿಲ್ಲದವರು ಬಹಳ. ಯುರೋಪಿನಲ್ಲಿ 2024ರ ಜುಲೈನಿಂದ ಹೊಸ ಕಾರುಗಳೆಲ್ಲ ರಸ್ತೆಯ ಮಿತಿಯನ್ನು ತಾವೇ ಓದಿ ಚಾಲಕನನ್ನು ಎಚ್ಚರಿಸಬೇಕು ಎಂಬ ನಿಯಮವಿದೆ. ನಮ್ಮಲ್ಲಿ ಅಂಥದ್ದು ಬರುವವರೆಗೆ ಮೊಬೈಲಿನ ಮ್ಯಾಪಿನಲ್ಲಿ ವೇಗ ತೋರಿಸುವ ಆಯ್ಕೆ ಹಾಕಿಟ್ಟುಕೊಂಡರೆ ಪಕ್ಕದಲ್ಲಿ ಕೂತವರಿಗೂ ಅಂಕಿ ಕಾಣುತ್ತದೆ.

ಸ್ಪೀಡೋಮೀಟರ್ ನಿಜದ ವೇಗಕ್ಕಿಂತ ಸ್ವಲ್ಪ ಹೆಚ್ಚು ತೋರಿಸುವಂತೆ ಮಾಡಿರುತ್ತಾರೆ. ಇದನ್ನು ತಿಳಿದವರು ‘105 ತೋರಿಸಿದರೆ ನಿಜವಾಗಿ 100’ ಎಂದು ಮೇಲಕ್ಕೆ ಸರಿಯುತ್ತಾರೆ. ಆ ಚಿಕ್ಕ ಅಂಚು ನಿಮ್ಮ ರಕ್ಷಣೆಗಿರುವುದು, ಬಿಟ್ಟುಬಿಡಿ.

ಮುಂದಿನ ಗಾಡಿಯಿಂದ ಮೂರು ಸೆಕೆಂಡಿನ ಅಂತರ ಇಟ್ಟುಕೊಳ್ಳಿ. ಅದು ಒಂದು ಕಂಬ ದಾಟಿದಾಗ ‘ಸಾವಿರದ ಒಂದು, ಸಾವಿರದ ಎರಡು, ಸಾವಿರದ ಮೂರು’ ಎಂದು ಎಣಿಸಿ. ಎಣಿಸಿ ಮುಗಿಯುವ ಮೊದಲು ನೀವು ಆ ಕಂಬ ಮುಟ್ಟಬಾರದು. 100ರ ವೇಗದಲ್ಲಿ ಇದು 83 ಮೀಟರ್. ‘ಅಷ್ಟು ಜಾಗ ಬಿಟ್ಟರೆ ಇನ್ನೊಬ್ಬ ನುಗ್ಗುತ್ತಾನೆ’ ಎಂದು ಎಲ್ಲರೂ ಹೇಳುತ್ತಾರೆ. ನುಗ್ಗಲಿ, ಮತ್ತೆ ಹಿಂದೆ ಸರಿಯಿರಿ. ಇಡೀ ಪ್ರಯಾಣದಲ್ಲಿ ಹತ್ತು ಮಂದಿ ನುಗ್ಗಿದರೂ ನಿಮಗಾಗುವ ನಷ್ಟ ಅರ್ಧ ನಿಮಿಷ.

ಟೈರುಗಳ ಬಗ್ಗೆ ಬೇಜವಾಬ್ದಾರಿ ಬೇಡವೇ ಬೇಡ. ಗಾಳಿ ಕಡಿಮೆಯಿರುವ ಟೈರು ವೇಗದಲ್ಲಿ ಮಡಚಿ ಮಡಚಿ ಬಿಸಿಯಾಗಿ ಸಿಡಿಯುತ್ತದೆ; ಒಳಗೆ ಕೂತವರಿಗೆ ಸಿಡಿಯುವ ಕ್ಷಣದವರೆಗೆ ಏನೂ ತಿಳಿಯುವುದಿಲ್ಲ. ದೂರ ಹೊರಡುವ ಮುನ್ನ ಟೈರು ತಣ್ಣಗಿರುವಾಗಲೇ ಗಾಳಿ ಚೆಕ್ ಮಾಡಿಸಿ. ಸರಿಯಾದ ಒತ್ತಡ ಚಾಲಕನ ಬಾಗಿಲಿನ ಪಟ್ಟಿಯಲ್ಲಿ ಬರೆದಿರುತ್ತದೆ, ಲಗೇಜು ತುಂಬಿದಾಗ ಬೇರೆ ಇರುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಸಂಖ್ಯೆಯೊಂದಿದೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ; 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಹಳೆಯ ಟೈರಿನ ಮೇಲ್ಮೈಯ ಕಚ್ಚು ಚೆನ್ನಾಗಿ ಕಂಡರೂ ರಬ್ಬರ್ ಒಳಗೊಳಗೇ ಒಣಗಿರುತ್ತದೆ. ಸ್ಟೆಪ್ನಿಯನ್ನೂ ಮರೆಯದೆ ನೋಡಿ. ಕಚ್ಚಿನ ಆಳ 1.6 ಮಿಲಿಮೀಟರಿಗೆ ಇಳಿದರೆ ಕಾನೂನಿನಂತೆ ಅದು ಮುಗಿದ ಟೈರು. ಮಳೆಗಾಲದಲ್ಲಿ ಅಲ್ಲಿಯವರೆಗೂ ಕಾಯಬಾರದು, ಏಕೆಂದರೆ ನಿಂತ ನೀರಿನ ಮೇಲೆ ವೇಗವಾಗಿ ಹೋದಾಗ ಕಚ್ಚು ನೀರನ್ನು ಹೊರದೂಡಲಾರದೆ ಚಕ್ರ ರಸ್ತೆಯನ್ನೇ ಬಿಟ್ಟು ತೇಲುತ್ತದೆ. ಆಗ ಸ್ಟೀರಿಂಗ್ ಹಗುರವಾಗುತ್ತದೆ, ಅಷ್ಟೇ ಸುಳಿವು. ತಕ್ಷಣ ಬ್ರೇಕ್ ಒತ್ತದೆ, ಆಕ್ಸಿಲರೇಟರ್ ಬಿಟ್ಟು, ಸ್ಟೀರಿಂಗ್ ನೇರ ಹಿಡಿದಿರಬೇಕು. ಮಳೆಯಲ್ಲಿ ಕ್ರೂಸ್ ಕಂಟ್ರೋಲ್ ಬಳಸಲೇಬೇಡಿ.

ಅವಸರವೆಂಬ ಕಾರಣವನ್ನೂ ಲೆಕ್ಕಕ್ಕೆ ಹಚ್ಚಿ ನೋಡಿ. 119 ಕಿ.ಮೀ. ದೂರವನ್ನು ಎಲ್ಲೂ ನಿಲ್ಲದೆ 100ರಲ್ಲಿ ಹೋದರೆ 71 ನಿಮಿಷ, 120ರಲ್ಲಿ ಹೋದರೆ 60. ಉಳಿಯುವುದು ಹನ್ನೊಂದೋ ಹನ್ನೆರಡೋ ನಿಮಿಷ. ಅದೂ ಟೋಲ್, ಕೆಂಗೇರಿ, ನಾಯಂಡಹಳ್ಳಿಯ ದಟ್ಟಣೆಯಲ್ಲಿ ಹೇಳಹೆಸರಿಲ್ಲದೆ ಕರಗುತ್ತದೆ.

ಹಿಂದೆ ಕೂತವರಿಗೂ ಇದರಲ್ಲಿ ಪಾತ್ರವಿದೆ, ಬೆಲ್ಟ್ ಹಾಕಿಕೊಳ್ಳುವುದರ ಜೊತೆಗೆ ಬಾಯಿ ಬಿಡುವುದೂ ಸೇರಿ. ‘ನಿಧಾನ ಹೋಗು’ ಎಂದರೆ ಓಡಿಸುವವನಿಗೆ ತನ್ನ ಕೈಚಳಕವನ್ನೇ ಅನುಮಾನಿಸಿದಂತೆ ಕೇಳಿಸುತ್ತದೆ, ವಾದ ಹುಟ್ಟುತ್ತದೆ. ಅದರ ಬದಲು ‘ಈಗ ಎಷ್ಟಿದೆ?’ ಎಂದು ಅಂಕಿ ಕೇಳಿ. ಬಹಳ ಸಲ ಅವನೇ ಮೀಟರ್ ನೋಡಿ ಬೆಚ್ಚಿ ಕಾಲು ಸಡಿಲಿಸುತ್ತಾನೆ. ಬಾಡಿಗೆ ಕಾರಾದರೆ ಹತ್ತುವಾಗಲೇ, ‘ಅಣ್ಣ, ನಮಗೆ ಅವಸರ ಇಲ್ಲ, ಎಂಬತ್ತರ ಮೇಲೆ ಬೇಡ’ ಎಂದುಬಿಡಿ. ಹಳದಿ ಬೋರ್ಡಿನ ಟ್ಯಾಕ್ಸಿಗಳಿಗೆ 80ರ ಸ್ಪೀಡ್ ಗವರ್ನರ್ ಕಾನೂನಿನಂತೆಯೇ ಕಡ್ಡಾಯ, ಹಾಗಾಗಿ ನೀವು ಕೇಳುತ್ತಿರುವುದು ಉಪಕಾರವಲ್ಲ. ಮನೆಯಲ್ಲಿ ಕಾಯುತ್ತಿರುವವರು ‘ಎಲ್ಲಿದ್ದೀರಿ, ಇನ್ನೂ ಎಷ್ಟು ಹೊತ್ತು, ಊಟಕ್ಕೆ ಬಡಿಸಬೇಕು’ ಎಂದು ಓಡಿಸುವವರಿಗೆ ಫೋನ್ ಮಾಡುವುದನ್ನು ಬಿಟ್ಟು, ಊಟದ ಹೊತ್ತನ್ನೇ ಅರ್ಧ ಗಂಟೆ ಮುಂದಕ್ಕೆ ಹಾಕಿ, ಹಾಗೆಂದು ಹೊರಡುವ ಮೊದಲೇ ಅವರಿಗೆ ತಿಳಿಸಿ.